ಎತ್ತಿನ ಸೋಮವಾರ

ಪುಟ್ಟೀ, ಚಿನ್ನೂ, ಸೋಮವಾರ ಮಧ್ಯಾಹ್ನ ಅಜ್ಜಿ ಯಾಕೆ ಫೋನ್ ಎತ್ತುವುದಿಲ್ಲ ಎಂದು ನೀವಿಬ್ಬರೂ ನಿಮ್ಮಪ್ಪನ ಹತ್ತಿರ ದೂರು ಹೇಳಿದಿರಂತೆ. ಅವನು ನನ್ನನ್ನು ಕೇಳಿದ. ನಾನು ‘ಏನೋ ಕೆಲಸ ಇತ್ತಪ್ಪ’ ಅಂದುಬಿಟ್ಟೆ. ಅದು ಸುಳ್ಳು. ಆ ಹೊತ್ತಿನಲ್ಲಿ ನನಗೆ ಯಾವ ಕೆಲಸವೂ ಇರುವುದಿಲ್ಲ. ಕೆಲಸ ಇಲ್ಲದ್ದಕ್ಕೇ ಫೋನ್ ಎತ್ತುವುದಿಲ್ಲ. ಅದನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ಹೊರಗೆ ಹೋಗಿರುತ್ತೇನೆ.

ಇದನ್ನು ಬಾಯಲ್ಲಿ ಹೇಳಲು ಹೋದರೆ ನಾಚಿಕೆಯಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ಪುಟ್ಟಿ ತಿದ್ದಿಕೊಳ್ಳಲಿ.

ನಾನು ಹುಟ್ಟಿದ್ದು ಸೊರಬದ ಕಡೆ, ಕುಬಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಕೊಟ್ಟದ್ದು ಶಿಕಾರಿಪುರದ ಕಡೆಗೆ, ಬಂದಳಿಕೆಯ ದಾರಿಯಲ್ಲಿರುವ ಈ ಊರಿಗೆ. ಎರಡೂ ಪಕ್ಕಪಕ್ಕದ ತಾಲ್ಲೂಕು, ಆದರೆ ಮಾತಿನ ವರಸೆ ಬೇರೆ. ಮದುವೆಯಾಗಿ ಬಂದ ವಾರದಲ್ಲೇ ಬಾವಿಕಟ್ಟೆಯಲ್ಲಿ ಯಾರಿಗೋ ‘ಬಾರೇ ಮಾರಾಯ್ತಿ’ ಅಂದೆ. ಅಲ್ಲಿದ್ದವರೆಲ್ಲ ಕೊಡ ಕೆಳಗಿಟ್ಟು ನಕ್ಕರು. ಅಂದಿನಿಂದ ಈ ಊರಲ್ಲಿ ನಾನು ‘ಮಾರಾಯ್ತಿ’ಯೇ ಆದೆ. ಅವರು ಕೆಟ್ಟವರಲ್ಲ, ತಮಾಷೆಗೆ ನಕ್ಕದ್ದು. ಆದರೆ ಬಾಯಿ ತೆರೆದರೆ ನಗುತ್ತಾರೆ ಅನ್ನುವುದು ನನ್ನೊಳಗೆ ಕೂತುಬಿಟ್ಟಿತು. ಬೇಕಾದಷ್ಟೇ ಮಾತಾಡಿದೆ. ಬರಬರುತ್ತಾ ಅದೂ ಕಡಿಮೆಯಾಯಿತು.

ನಿಮ್ಮಪ್ಪನಿಗೆ ಒಂಬತ್ತು ವರ್ಷವಿದ್ದಾಗ ನಿಮ್ಮಜ್ಜ ಹೋದರು. ಆ ಕತೆ ನಿಮಗೆ ಗೊತ್ತು, ಇಲ್ಲಿ ಬೇಡ. ಮನೆಯಲ್ಲಿ ಉಳಿದವರು ಅವರ ಅಣ್ಣ, ಅಂದರೆ ನನ್ನ ಭಾವ, ಮತ್ತು ಭಾವನ ಹೆಂಡತಿ. ನೀವು ದೊಡ್ಡಜ್ಜ, ದೊಡ್ಡಜ್ಜಿ ಅನ್ನುವುದು ಅವರನ್ನೇ. ದೊಡ್ಡಜ್ಜಿಯನ್ನು ನಾನು ಮೊದಲಿನಿಂದಲೂ ಅಕ್ಕ ಅಂತ ಕರೆದವಳು. ಗಂಡನಿಲ್ಲದವಳು ಅಂತ ಅವರಿಬ್ಬರೂ ನನ್ನನ್ನು ಒಂದು ದಿನವೂ ಕೀಳಾಗಿ ಕಾಣಲಿಲ್ಲ. ಹೊಲ, ಅಡುಗೆ, ಕೊಟ್ಟಿಗೆ ಎಲ್ಲವನ್ನೂ ನಾನು ಮತ್ತು ಅಕ್ಕ ಹಂಚಿಕೊಂಡೆವು. ಕುರಿ ಮಾತ್ರ ಪೂರ್ತಿ ನನ್ನ ಪಾಲಿಗೆ ಬಂತು. ಹದಿನೆಂಟೋ ಇಪ್ಪತ್ತೋ ಇದ್ದವು. ಮಧ್ಯಾಹ್ನ ಉಂಡ ಮೇಲೆ ಹೊಡೆದುಕೊಂಡು ಹೋಗಿ, ಮೇಯಿಸಿ, ಸಂಜೆಗೆ ದೊಡ್ಡಿಗೆ ತಂದು ಕೂಡಿಹಾಕುವುದು.

ಊರ ಹೊರಗೆ, ಮೆಕ್ಕೆಜೋಳದ ಹೊಲಗಳು ಮುಗಿಯುವ ಕಡೆ ಒಂದು ಹಳೇ ಮಂಟಪ ಇದೆ. ನಾಲ್ಕು ಕಂಬ, ಮೇಲೆ ಅರ್ಧ ಉಳಿದ ಮಾಡು. ಬಂದಳಿಕೆಯ ಗುಡಿಗಳನ್ನು ನೋಡಲು ಬರುವವರು ಇಲ್ಲಿಯವರೆಗೆ ಬರುವುದಿಲ್ಲ. ಅದರ ಜಗಲಿಕಲ್ಲಿನ ಮೇಲೆ ಎರಡು ಸಾಲು ಗುಳಿಗಳಿವೆ, ಸಾಲಿಗೆ ಏಳು. ನಾನು ಮೊದಲ ಸಲ ನೋಡಿದಾಗ ಅವುಗಳಲ್ಲಿ ಮಳೆನೀರು ನಿಂತಿತ್ತು. ಸೆರಗಿನಿಂದ ಒರೆಸಿ ನೋಡಿದೆ. ಅಳಗುಳಿ ಮಣೆ! ನನ್ನ ತವರಿನಲ್ಲಿ ಮರದ್ದು ಇತ್ತು. ಶ್ರಾವಣದಲ್ಲಿ ಅಮ್ಮ, ಚಿಕ್ಕಮ್ಮ, ನಾನು ಮೂವರೂ ಸರದಿಯ ಮೇಲೆ ಆಡುತ್ತಿದ್ದೆವು. ಇದು ಕಲ್ಲಿನದು, ಯಾವ ಕಾಲದ್ದೋ ಏನೋ. ಗುಡಿ ಕಟ್ಟಲು ಬಂದವರೋ, ದಾರಿಹೋಕರೋ, ನನ್ನ ಹಾಗೆ ಕುರಿಯ ಹಿಂದೆ ಬಂದವರೋ ಕೊರೆದಿರಬೇಕು. ಯಾರೇ ಆಗಲಿ, ಅವರಿಗೂ ಇಲ್ಲಿ ಕೂತು ಆಡುವಷ್ಟು ಹೊತ್ತು ಇತ್ತು ಅಂತ ಗೊತ್ತಾಗಿ ನನಗೆ ಯಾಕೋ ಧೈರ್ಯ ಬಂತು.

ಮಾರನೇ ದಿನ ಹುಣಸೆಬೀಜವನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಹೋದೆ. ಗುಳಿಗೆ ಐದರ ಹಾಗೆ ತುಂಬಿದೆ. ಆಡಲು ಜೊತೆ ಬೇಕಲ್ಲ? ಬಲಗೈ ಒಂದು ಕಡೆ, ಎಡಗೈ ಇನ್ನೊಂದು ಕಡೆ ಮಾಡಿಕೊಂಡೆ. ಆಟ ಸುಲಭ. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಿಮ್ಮದು. ನಾನು ಎಡಗೈ ಪಕ್ಷ. ಪಾಪ, ಊಟಕ್ಕಿಲ್ಲ, ಪೂಜೆಗಿಲ್ಲ, ಕೊಡುವುದಕ್ಕಿಲ್ಲ, ತಗೊಳ್ಳುವುದಕ್ಕಿಲ್ಲ. ಇಲ್ಲಾದರೂ ಗೆಲ್ಲಲಿ ಅಂತ. ಆದರೂ ಅದಕ್ಕಾಗಿ ಮೋಸ ಮಾಡಲಿಲ್ಲ, ಒಂದೆರಡು ಸಲ ಬಿಟ್ಟರೆ.

ಒಂದು ದಿನ ಊರಿನವರೊಬ್ಬರು ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತಾ ಮಂಟಪದ ಹತ್ತಿರ ಬಂದುಬಿಟ್ಟರು. ಎಡಗೈಗೆ ಏನೋ ಹೇಳಿಕೊಡುತ್ತಿದ್ದ ನಾನು ಬೀಜವನ್ನೆಲ್ಲ ಮಡಿಲಿಗೆ ಬಾಚಿಕೊಂಡು, ಕಾಲಿನ ಮುಳ್ಳು ತೆಗೆಯುವವಳ ಹಾಗೆ ಬಗ್ಗಿ ಕೂತೆ.

“ಏನವ್ವಾ, ಯಾರ ಕೂಡ ಮಾತಾಡ್ತಿದ್ದೆ?”

“ಕುರಿ ಕೂಡ” ಅಂದೆ.

ಅವರು ನಂಬಿ ಹೋದರು. ಗಂಡ ಸತ್ತ ಹೆಂಗಸು, ಬೆಳೆಯುವ ಮಗನಿರುವವಳು, ಹಾಳು ಮಂಟಪದಲ್ಲಿ ಕೂತು ತನ್ನ ಕೂಡ ತಾನೇ ಆಡುತ್ತಾಳೆ ಅಂತ ಗೊತ್ತಾದರೆ ಜನ ಏನಂದಾರು? ಹುಚ್ಚು ಅಂದಾರು. ಅದಕ್ಕಿಂತ ಹೆಚ್ಚಾಗಿ, ಇವಳಿಗೆ ಕೆಲಸ ಕಡಿಮೆಯಾಗಿದೆ ಅಂದಾರು. ಹೆಂಗಸಿಗೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಕಾಲದಲ್ಲಿ ಇರಲಿಲ್ಲ. ಹಾಗಾಗಿ ಯಾರಿಗೂ ಹೇಳಲಿಲ್ಲ. ಒಂದಲ್ಲ ಎರಡಲ್ಲ, ಇಪ್ಪತ್ತೈದು ವರ್ಷಕ್ಕೂ ಮೇಲೆ ಹಾಗೇ ಮುಚ್ಚಿಟ್ಟುಕೊಂಡು ಬಂದೆ.

ದಿನಾ ಮಧ್ಯಾಹ್ನ ನಾನು ಕೋಲು ಹಿಡಿದು ಹೊಸ್ತಿಲು ದಾಟುವಾಗ ಜಗಲಿಯಲ್ಲಿ ಕೂತ ಭಾವ “ಎಲ್ಲಿಗೆ?” ಅನ್ನುವರು. ನಾನು “ಕುರಿಗೆ” ಅನ್ನುವೆ. ಅವರು “ಹೂಂ” ಅನ್ನುವರು. ನಮ್ಮಿಬ್ಬರ ನಡುವೆ ಅಷ್ಟೇ ಮಾತು.

ಕೆಲವು ವರ್ಷದ ಹಿಂದೆ ಒಂದು ಬೆಳಗ್ಗೆ ಭಾವ ರೊಟ್ಟಿ ಮುರಿಯುತ್ತಾ ಹೇಳಿದರು:

“ತಂಗಿ, ಇನ್ನ ಕುರಿ ಸಾಕು, ಮಾರಿಬಿಡಾಣ. ನಿನ್ನ ಮಂಡಿ ನೋವು ನೋಡಾಕಾಗಲ್ಲ ನಂಗೆ. ಮೇಯ್ಸಾಕೆ ಬಯಲೂ ಉಳಿದಿಲ್ಲ, ಎಲ್ಲಾ ಬೇಲಿ ಹಾಕ್ಕೊಂಡಾರೆ. ಮುಂದಿನ ಬುಧವಾರ ತೊಗರ್ಸಿ ಕಡೆಯೋರು ಬಂದು ಅಷ್ಟೂ ಹೊಡ್ಕೊಂಡು ಹೋಗ್ತಾರೆ. ನೀನು ಮನ್ಯಾಗೆ ಆರಾಮಾಗಿರು.”

“ಹೌದು ಕಣೇ, ಆರಾಮಾಗಿರು” ಅಂದಳು ಅಕ್ಕ. “ಮಧ್ಯಾಹ್ನ ಕಾಳು ಹಸನು ಮಾಡಾಕೆ ನಂಗೂ ಒಂದು ಜೊತೆ ಆತು.”

ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಏನಂತ ಬೇಡ ಅನ್ನಲಿ? ಕುರಿ ಹೋದರೆ ನನ್ನ ಮಂಟಪ ಹೋಗುತ್ತದೆ ಅನ್ನಲೇ? ನಿಮಗೆ ಇದು ಅರ್ಥವಾಗಬೇಕಾದರೆ ಒಂದು ಮಾತು ಹೇಳಬೇಕು. ನಮ್ಮ ಕಾಲದ ಹೆಂಗಸು ಸುಮ್ಮನೆ ಮನೆ ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಒಂದು ನೆಪ ಬೇಕಿತ್ತು. ನೀರಿಗೆ ಹೋಗುತ್ತಿದ್ದೆವು, ನಲ್ಲಿ ಮನೆಯೊಳಗೇ ಬಂತು. ಸೌದೆಗೆ ಹೋಗುತ್ತಿದ್ದೆವು, ಗ್ಯಾಸ್ ಬಂತು. ಒಳ್ಳೆಯದೇ ಆಯಿತು, ನಮ್ಮ ಸೊಂಟ ಉಳಿಯಿತು. ಆದರೆ ಒಂದೊಂದಾಗಿ ನೆಪಗಳೂ ಹೋದವು. ಕುರಿ ನನ್ನ ಕೊನೆಯ ನೆಪ. ಬುಧವಾರ ಅದೂ ಹೊರಟಿತ್ತು. ಆಮೇಲೆ ಉಳಿಯುವುದು ನಾಲ್ಕು ಗೋಡೆ, ಮೊರ, ಕಾಳು.

ಆ ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರ, ನಮ್ಮೂರಿಗೆ ಸೊರಬದಿಂದ ಒಬ್ಬ ಹೆಣ್ಣುಮಗಳು ಸ್ಕೂಟರಿನಲ್ಲಿ ಬಂದರು. ಹಳ್ಳಿಹಳ್ಳಿಯ ಹೆಂಗಸರನ್ನು ಸೇರಿಸಿ ಮಾತಾಡಿಸುವವರು. ಹಿಂದೆ ನಮ್ಮೂರ ಹೆಂಡದಂಗಡಿ ಮುಚ್ಚಿಸಲು ನಾವೆಲ್ಲ ದಾರಿಗೆ ಅಡ್ಡ ಕೂತಿದ್ದಾಗಲೂ ಅವರು ಬಂದಿದ್ದರು. ಆವತ್ತು ನಾನು ಕೊನೆಯ ಸಾಲಿನಲ್ಲಿ ಮುಸುಕು ಹಾಕಿಕೊಂಡು ಕೂತಿದ್ದೆ. ಈ ಸಲವೂ ಶಾಲೆಯ ಜಗಲಿಯಲ್ಲಿ ಅಕ್ಕನ ಬೆನ್ನ ಹಿಂದೆಯೇ ಜಾಗ ಹಿಡಿದೆ.

ಅವರು ಬಂದವರೇ “ಹತ್ತಿರ ಬಂದು ಕೂತ್ಕಳಿ ಮಾರಾಯ್ರೆ” ಅಂದರು. ನಮ್ಮೂರ ಹೆಂಗಸರೆಲ್ಲ ನನ್ನ ಕಡೆ ತಿರುಗಿ ಕಿಸಕ್ ಅಂತ ನಕ್ಕರು. ನನಗೆ ಮಾತ್ರ ತವರಿನ ಬಸ್ಸು ಬಂದು ಎದುರಿಗೆ ನಿಂತ ಹಾಗಾಯಿತು.

“ಇಷ್ಟು ವರ್ಷ ಒಟ್ಟಾಗಿ ನೀವು ಏನೇನ್ ಕೇಳಿದ್ರಿ, ಹೇಳಿ ನೋಡಾಣ” ಅಂದರು.

ಒಬ್ಬೊಬ್ಬರೇ ಹೇಳಿದರು. ನೀರು ಕೇಳಿದೆವು. ದಾರಿದೀಪ ಕೇಳಿದೆವು. ಹೆಂಡದಂಗಡಿ ಬೇಡ ಅಂದೆವು. ಅಂಗನವಾಡಿಗೆ ಬಾಗಿಲು ಕೇಳಿದೆವು.

“ಮನೆಗೆ ಆಯ್ತು, ಮಕ್ಕಳಿಗೆ ಆಯ್ತು, ಊರಿಗೂ ಆಯ್ತು. ನಿಮಗೆ ಅಂತ ಏನ್ ಕೇಳಿದ್ರಿ?”

“ನಮಗೇನ್ ಬೇಕ್ರೀ? ಅವ್ರು ಚೆಂದಾಗಿದ್ರೆ ನಾವೂ ಚೆಂದ” ಅಂದಳು ಕಿರಾಣಿ ಅಂಗಡಿಯವರ ಹೆಂಡತಿ.

“ಹೋಗ್ಲಿ, ಬಿಡುವು ಸಿಕ್ಕಾಗ ಏನ್ ಮಾಡ್ತೀರಿ?”

“ಬಿಡುವಾದಾಗ ಹೂಬತ್ತಿ ಹೊಸೀತೀನ್ರೀ.”

“ನಾನು ಕೌದಿ ಹೊಲೀತೀನಿ.”

“ನಾ ಟೀವಿ ನೋಡ್ತೀನಪ್ಪ” ಅಂದಳು ಒಬ್ಬ ಹೊಸ ಸೊಸೆ. ಎಲ್ಲರೂ ಅವಳನ್ನೇ ನೋಡಿದರು. ಅವಳು ಹೆದರಿ “ಬೆಳ್ಳುಳ್ಳಿ ಬಿಡಿಸ್ಕೋತಾ!” ಅಂತ ಸೇರಿಸಿದಳು.

ಸೊರಬದವರು ಹಣೆ ಚಚ್ಚಿಕೊಂಡು ನಕ್ಕರು. “ಅದು ಕೆಲಸನೇ ಆತಲ್ಲ ಮಾರಾಯ್ತಿ! ಆಫೀಸಿನವ್ರಿಗೆ, ಫ್ಯಾಕ್ಟರಿಯವ್ರಿಗೆ ವಾರಕ್ಕೊಂದು ರಜ ಅಂತ ಸುಮ್ಮನೆ ಸಿಕ್ಕಿದ್ದಲ್ಲ, ಒಟ್ಟಾಗಿ ಕೇಳಿ ತಗಂಡಿದ್ದು. ಕೈ ಖಾಲಿ ಮಾಡ್ಕಂಡು ಕೂರೋದೂ ಒಂದು ಹಕ್ಕು. ನಿಮಗೆ ಯಾರು ಕೊಟ್ಟಾರೆ ಅದನ್ನ?”

ಹಕ್ಕು ಅಂದರೆ ನಮಗೆ ಜಮೀನಿನ ಪಹಣಿ, ಖಾತೆ. ಸುಮ್ಮನೆ ಕೂರುವುದಕ್ಕೆ ಯಾರು ಹಕ್ಕು ಕೇಳುತ್ತಾರೆ? ನನಗೆ ಆ ಹೊತ್ತಿಗೆ ತಲೆಯಲ್ಲಿ ಸುತ್ತುತ್ತಿದ್ದದ್ದು ಬೇರೆ.

ಪುಟ್ಟಿ, ಚಿನ್ನು, ನೀವು ಪೇಟೆಯ ಮಕ್ಕಳು, ನಿಮಗಿದು ಗೊತ್ತಿರಲಿಕ್ಕಿಲ್ಲ. ನಮ್ಮೂರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಂಥ ಹದ ಬಂದಿರಲಿ, ಸೋಮವಾರ ನೊಗ ಮುಟ್ಟುವಂತಿಲ್ಲ. ಎತ್ತಿನ ಮೈ ತೊಳೆದು, ಹುಲ್ಲು ಹಾಕಿ, ನೆರಳಿಗೆ ಕಟ್ಟುತ್ತಿದ್ದರು. ಈಗ ಊರಿನಲ್ಲಿ ಎತ್ತೇ ಇಲ್ಲ. ಕೊನೆಯ ಜೋಡಿ ನಮ್ಮ ಮನೆಯದ್ದೇ. ಒಂದು ಸತ್ತ ಮೇಲೆ ಇನ್ನೊಂದನ್ನು ಭಾವ ಯಾರು ಎಷ್ಟು ಹೇಳಿದರೂ ಮಾರಲಿಲ್ಲ. ಅದು ಮುಪ್ಪಾಗಿ ಕೊಟ್ಟಿಗೆಯಲ್ಲೇ ಕಣ್ಣು ಮುಚ್ಚಿತು. ಈಗ ಉಳುವುದೆಲ್ಲ ಟ್ರ್ಯಾಕ್ಟರ್. ಆದರೂ ಸೋಮವಾರ ಬಿಟ್ಟಿಲ್ಲ. ಟ್ರ್ಯಾಕ್ಟರಿನ ಮೂತಿಗೆ ಒಂದು ಹೂ ಸಿಕ್ಕಿಸಿ ನಿಲ್ಲಿಸುತ್ತಾರೆ. ಗಂಡಸರು ಅರಳಿಕಟ್ಟೆಯಲ್ಲಿ ಇಸ್ಪೀಟಿಗೆ ಕೂರುತ್ತಾರೆ. ಹೆಂಗಸರಿಗೆ ಆವತ್ತು ಕೆಲಸ ಹೆಚ್ಚು. ಗಂಡಸರು ಊರಲ್ಲೇ ಇರುವುದರಿಂದ ಎರಡು ಸಲ ಜಾಸ್ತಿ ಚಹಾ ಆಗಬೇಕು. ಕಂಬಳಿ ಒಗೆಯುವುದೂ, ಕೊಟ್ಟಿಗೆ ಪೂರ್ತಿ ಬಾಚುವುದೂ ಸೋಮವಾರವೇ.

ನಾನು ಅಕ್ಕನ ಕಿವಿಯ ಹತ್ತಿರ ಮೆಲ್ಲಗೆ ಅಂದೆ, “ಇಲ್ಲದ ಎತ್ತಿಗೆ ಸೋಮವಾರ ಐತಿ. ಇರೋ ನಮಗಿಲ್ಲ ನೋಡಕ್ಕ.”

ಅಕ್ಕನಿಗೆ ಪಿಸುಮಾತು ಅನ್ನುವುದು ಹುಟ್ಟಿನಿಂದಲೇ ಬರುವುದಿಲ್ಲ. ಅವಳು ಎದ್ದು ನಿಂತುಬಿಟ್ಟಳು. “ಏ, ಕೇಳ್ರೇ ಇಲ್ಲಿ! ನಮ್ಮ ಮಾರಾಯ್ತಿ ಏನಂತಾಳೆ ಕೇಳ್ರಿ! ಇಲ್ಲದ ಎತ್ತಿಗೆ ರಜ ಐತಂತೆ, ಇರೋ ಹೆಂಗಸ್ರಿಗೆ ಇಲ್ವಂತೆ!”

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಹೌದಲ್ವಾ, ಸತ್ಯ ಅಲ್ವಾ, ನನಗೆ ಹೊಳೆದೇ ಇರಲಿಲ್ಲ ನೋಡು. ನಾನು ಸೆರಗು ಬಾಯಿಗಿಟ್ಟುಕೊಂಡು ಕಂಬದ ಹಿಂದೆ ಸರಿದೆ. ಸೊರಬದವರು ಕೈ ಕಟ್ಟಿಕೊಂಡು ನಗುತ್ತಾ ನೋಡುತ್ತಿದ್ದರು.

“ನಡೀರಿ ಈಗ್ಲೇ. ಗಂಡಸ್ರೆಲ್ಲ ಕಟ್ಟೆ ಮ್ಯಾಲೇ ಅದಾರೆ” ಅಂದಳು ಅಕ್ಕ. ನನ್ನ ಮುಂಗೈ ಹಿಡಿದು ಎಳೆದುಕೊಂಡೇ ಹೋದಳು.

ಕಟ್ಟೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ನಡುವೆ ಭಾವ, ಕೈಯಲ್ಲಿ ಇಸ್ಪೀಟೆಲೆ ಹರಡಿಕೊಂಡು.

“ಏನ್ರವ್ವಾ, ಮೆರವಣಿಗೆ ಎಲ್ಲಿಗೆ?” ಅಂದರು ಕಿರಾಣಿ ಅಂಗಡಿಯವರು.

“ನಿಮ್ಮತ್ರಕ್ಕೇ” ಅಂದಳು ಅಕ್ಕ. “ಮುಂದಿನ ವಾರದಿಂದ ಸೋಮವಾರ ಉಂಡ ಮ್ಯಾಲೆ ದೀಪ ಹಚ್ಚೋ ತನಕ ನಮ್ಮ ಕೈ ಖಾಲಿ. ಎತ್ತಿಗೆ ಬಿಟ್ಟ ಹಂಗೇ ನಮಗೂ. ಹೇಳಾಕೆ ಬಂದೀವಿ, ಕೇಳಾಕೆ ಬಂದಿಲ್ಲ.”

“ಎತ್ತಿಗಾದ್ರೆ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ತಿದ್ವಿ. ನಿಮಗೂ ಹಚ್ಚಬೇಕೇನು ಮತ್ತೆ?” ಅಂದರು ಅಂಗಡಿಯವರು. ಕಟ್ಟೆ ಇಡೀ ನಕ್ಕಿತು.

“ಹಚ್ರೀ” ಅಂದಳು ಅವರ ಹೆಂಡತಿ ಹಿಂದಿನಿಂದ. “ತಲೆಗೆ ಹಚ್ರಿ. ಲಗ್ನದಾಗೆ ಎಣ್ಣೆ ಹಚ್ಚಿದ್ದು ಬಿಟ್ರೆ ನನ್ನ ತಲೆಗೆ ಯಾರೂ ಎಣ್ಣೆ ಮುಟ್ಟಿಸಿಲ್ಲ. ಇವತ್ತೇ ಹಚ್ತೀರೋ, ಬಟ್ಟಲು ತರ್ಲೋ?”

ಈಗ ನಗು ಹೆಂಗಸರ ಕಡೆಯಿಂದ ಬಂತು. ಅಂಗಡಿಯವರಿಗೂ ನಗು ತಡೆಯಲಾಗಲಿಲ್ಲ.

“ಅಲ್ಲಬೇ, ಚಹಾ?” ಅಂದರು ಇನ್ನೊಬ್ಬರು.

“ಒಲೆ ಎಲ್ಲೂ ಓಡಿಹೋಗಲ್ಲ. ಅಲ್ಲೇ ಇರ್ತೈತೆ” ಅಂದಳು ಅಕ್ಕ.

ಅಲ್ಲಿಯವರೆಗೆ ಎಲ್ಲ ತಮಾಷೆಯಲ್ಲೇ ನಡೆದಿತ್ತು. ಆಗ ಊರಿನ ಹಿರಿಯರೊಬ್ಬರು, ಜಗಳವಾದರೆ ಎಲ್ಲರೂ ಯಾರ ಮಾತು ಕೇಳುತ್ತಾರೋ ಅವರು, ಎಲೆಯಡಿಕೆ ಉಗುಳಿ ಬಂದು ಕೇಳಿದರು: “ಅದೆಲ್ಲ ಇರ್ಲಿ. ಅಷ್ಟೊತ್ತು ಖಾಲಿ ಕೂತು ಏನ್ ಮಾಡ್ತೀರಿ? ಅದನ್ನ ಹೇಳ್ರಿ ಮೊದ್ಲು. ಒಂದು ಕಾರಣ ಬೇಕಲ್ಲ?”

ಅಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ನಾನು ಆ ಮನೆಗೆ ಬಂದ ಮೇಲೆ ಅಕ್ಕನ ಬಾಯಿ ಕಟ್ಟಿದ್ದನ್ನು ನೋಡಿದ್ದು ಅದೇ ಮೊದಲು. ಉಳಿದವರೂ ನೆಲ ನೋಡಿದರು. ಖಾಲಿ ಹೊತ್ತಿನಲ್ಲಿ ಏನು ಮಾಡುತ್ತಾರೆ ಅಂತ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಂಥ ಹೊತ್ತನ್ನು ಅವರು ಕಂಡೇ ಇರಲಿಲ್ಲ. ಅಲ್ಲಿ ನಿಂತವರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಸುಮ್ಮನಿದ್ದರೆ ನಾವು ಬಂದದ್ದೆಲ್ಲ ಒಂದು ನಗೆಯ ಮಾತಾಗಿ ಮುಗಿಯುತ್ತಿತ್ತು. ಬುಧವಾರ ಕುರಿ ಹೋಗುತ್ತಿತ್ತು, ನನ್ನ ಮಂಟಪವೂ ಹೋಗುತ್ತಿತ್ತು. ಹೇಳಿದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಇಡೀ ಊರಿನ ಎದುರಿಗೆ, ಭಾವನ ಎದುರಿಗೆ, ಬಯಲಾಗುತ್ತಿತ್ತು. ಅವರ ಮುಂದೆ ನಾನು ‘ಕುರಿಗೆ’ ಅನ್ನುವ ಮಾತಿಗಿಂತ ಹೆಚ್ಚು ಆಡಿದವಳಲ್ಲ.

“ಆಡ್ತೀನಿ” ಅಂದೆ.

“ಏನಂದ್ಲು?”

“ಅಳಗುಳಿ ಆಡ್ತೀನಿ. ಹೊರಗಿನ ಮಂಟಪದಾಗೆ. ದಿನಾ, ಕುರಿ ಮೇಯಾಕೆ ಬಿಟ್ಟು.”

“ಯಾರ ಕೂಡ?”

“ಒಬ್ಬಳೇ. ಈ ಕೈ ಆ ಕೈ.”

ಯಾರೋ ಫಕ್ಕನೆ ನಕ್ಕರು. ಅದು ಹರಡಿತು. ಆದರೆ ಒಮ್ಮೆ ಬಾಯಿ ತೆರೆದಿತ್ತಲ್ಲ, ಮುಚ್ಚಲು ಬರಲಿಲ್ಲ. “ಕುರಿ ಹೋದ್ರೆ ನಂಗೆ ಅಲ್ಲಿಗೆ ಹೋಗಾಕೆ ನೆಪ ಇರಲ್ಲ ಮಾರಾಯ್ರೆ” ಅಂದುಬಿಟ್ಟೆ. ಹಿರಿಯರಿಗೆ, ಕಟ್ಟೆಯ ಎದುರು, ಮಾರಾಯ್ರೆ! ಈ ಸಲ ಮಾತ್ರ ಆ ಮಾತಿಗೆ ಹೆಂಗಸರು ಯಾರೂ ನಗಲಿಲ್ಲ.

ಭಾವ ಕೈಯಲ್ಲಿದ್ದ ಎಲೆಗಳನ್ನು ಕವುಚಿ ಇಟ್ಟರು. ನನ್ನ ಕಡೆ ನೋಡಲಿಲ್ಲ. ಹಿರಿಯರ ಕಡೆ ತಿರುಗಿ, ನಿಧಾನಕ್ಕೆ ಅಂದರು:

“ಎತ್ತಿಗೆ ಸೋಮವಾರ ಬಿಟ್ಟಾಗ, ಇವತ್ತು ಏನ್ ಮಾಡ್ತೀಯಪ್ಪ ಅಂತ ಯಾರೂ ಅದನ್ನ ಕೇಳ್ತಿರಲಿಲ್ಲ.” ಕವುಚಿಟ್ಟ ಎಲೆಗಳನ್ನು ತೋರಿಸಿ, “ಬೆಳಗಿಂದ ನಾವೂ ಇಲ್ಲಿ ಇಸ್ಪೀಟು ಆಡಾಕೆ ಹತ್ತೀವಿ. ನಮ್ಮನ್ನೂ ಯಾರೂ ಕಾರಣ ಕೇಳಿಲ್ಲ” ಅಂದರು.

ಆಮೇಲೆ ಎಲೆ ಎತ್ತಿಕೊಂಡರು. “ಯಾರ ಸರದಿ? ಹಾಕ್ರಿ.”

ಅಷ್ಟೇ. ಯಾರೂ ಆಯ್ತು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ನಾವು ಮನೆಗೆ ಬಂದೆವು. ದಾರಿಯುದ್ದಕ್ಕೂ ನನ್ನ ಮೈ ಹಗುರವಾಗಿತ್ತು. ದೊಡ್ಡ ಹುಲ್ಲಿನ ಹೊರೆ ಇಳಿಸಿದ ಮೇಲೆ ಸ್ವಲ್ಪ ಹೊತ್ತು ತಲೆ ತೇಲುತ್ತದಲ್ಲ, ಹಾಗೆ.

ಬುಧವಾರ ಹೇಳಿದಂತೆ ತೊಗರ್ಸಿಯ ಕಡೆಯವರು ಬಂದು ಕುರಿಗಳನ್ನು ಹೊಡೆದುಕೊಂಡು ಹೋದರು. ಎಲ್ಲಕ್ಕಿಂತ ಹಿರಿಯದು ತಿರುವಿನಲ್ಲಿ ನಿಂತು ಒಮ್ಮೆ ಕೂಗಿತು. ಅಳು ಬಂತು, ಅತ್ತುಬಿಟ್ಟೆ. ಮಧ್ಯಾಹ್ನ ಅಕ್ಕನ ಎದುರು ಕೂತು ಕಾಳು ಹಸನು ಮಾಡಿದೆ. ಅವಳು ಕಲ್ಲು ಆರಿಸುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

“ಇಷ್ಟು ವರ್ಷ ಒಬ್ಬಳೇ ಆಡಿದ್ಯಲ್ಲೇ. ನನ್ನ ಒಂದಿನನಾದ್ರೂ ಕರೀಬಾರ್ದಿತ್ತಾ?”

“ಕರೆದಿದ್ರೆ ಬರ್ತಿದ್ಯಾ ಅಕ್ಕ?”

ಅವಳು ಯೋಚನೆ ಮಾಡಿದಳು. “ಇಲ್ಲ ಬಿಡು. ಬೈತಿದ್ದೆ” ಅಂದಳು.

ಸೋಮವಾರ ಬಂತು. ಉಂಡೆವು. ಪಾತ್ರೆ ತೊಳೆದೆವು. ಅಕ್ಕ ‘ನೀ ಮುಂದೆ ನಡಿ’ ಅಂದಳು. ನಾನು ರೂಢಿಯಂತೆ ಮೂಲೆಯ ಕೋಲು ತಗೊಂಡು ಹೊಸ್ತಿಲು ದಾಟಿದೆ. ಜಗಲಿಯಲ್ಲಿ ಭಾವ ಕೂತಿದ್ದರು.

“ಎಲ್ಲಿಗೆ?” ಅಂದರು. ಅವರಿಗೂ ರೂಢಿಯೇ.

ನನ್ನ ಬಾಯಲ್ಲಿ ಹಳೆಯ ಉತ್ತರ ಅರ್ಧ ಬಂದಿತ್ತು. ಅದನ್ನು ನುಂಗಿದೆ. “ಆಡಾಕೆ” ಅಂದೆ.

“ಹೂಂ” ಅಂದರು. ಆಮೇಲೆ, “ಮತ್ತೆ ಕೋಲು ಯಾಕೆ?” ಅಂದರು.

ಕೋಲನ್ನು ಬಾಗಿಲಿಗೆ ಒರಗಿಸಿ ಹೊರಟೆ. ಮುಂದೆ ಕುರಿಯಿಲ್ಲದೆ, ಕೈಯಲ್ಲಿ ಏನೂ ಇಲ್ಲದೆ ಆ ದಾರಿಯಲ್ಲಿ ನಡೆದದ್ದು ಅದೇ ಮೊದಲು. ಕೈಯನ್ನು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಹಿಂದಕ್ಕೆ ಕಟ್ಟಿಕೊಂಡೆ, ಅದು ಗಂಡಸರ ನಡಿಗೆಯಾಯಿತು. ಮುಂದಕ್ಕೆ ಕಟ್ಟಿಕೊಂಡೆ, ಅದು ಗುಡಿಗೆ ಹೋದ ಹಾಗಾಯಿತು. ಕೊನೆಗೆ ಸುಮ್ಮನೆ ಬೀಸಿಕೊಂಡು ಹೋದೆ. ದಾರಿಯಲ್ಲಿ ಇಬ್ಬರು ಸಿಕ್ಕರು. ಅವರಿಗೂ ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ. ಆ ನೆಮ್ಮದಿಯನ್ನು ಹೇಗೆ ಬರೆಯಲಿ? ಬಿಗಿಯಾದ ಬಳೆಯನ್ನು ಸೋಪು ಹಚ್ಚಿ ಬಿಚ್ಚಿದ ಹಾಗೆ ಅನ್ನಲೇ?

ಮೊದಲ ಸೋಮವಾರ ಏನಾಯಿತು ಅಂತ ಕೇಳಿದರೆ ನೀವು ನಗುತ್ತೀರಿ. ಸೋಮವಾರ ಕೈ ಖಾಲಿ ಇರಬೇಕಲ್ಲ ಅಂತ ನಮ್ಮ ಹೆಂಗಸರು ಆ ದಿನದ ಕೆಲಸವನ್ನೆಲ್ಲ ಭಾನುವಾರವೇ ಮಾಡಿ ಮುಗಿಸಿದ್ದರು. ಕಂಬಳಿ ಒಗೆದು, ಕೊಟ್ಟಿಗೆ ಬಾಚಿ, ಎರಡು ದಿನದ ರೊಟ್ಟಿ ತಟ್ಟಿ, ಮಂಗಳವಾರದ ಕೆಲಸವನ್ನೂ ಸ್ವಲ್ಪ ಎಳೆದುಕೊಂಡಿದ್ದರು. ಮಂಟಪಕ್ಕೆ ಬಂದವರು ಒಂಬತ್ತು ಜನ. ಅದರಲ್ಲಿ ನಾಲ್ವರು ಕಂಬಕ್ಕೆ ಒರಗಿದ ಕೂಡಲೇ ನಿದ್ದೆ ಹೋದರು. ಉಳಿದವರ ಮಡಿಲಲ್ಲೆಲ್ಲ ಒಂದೊಂದು ಕೆಲಸ! ಒಬ್ಬಳು ಹತ್ತಿ ತಂದಿದ್ದಳು, ಇನ್ನೊಬ್ಬಳು ಹರಿದ ಅಂಗಿ. ಅಕ್ಕ ಮೊರದ ತುಂಬ ಅಕ್ಕಿ ತಂದಿದ್ದಳು.

“ಅಕ್ಕಾ, ಇದೇನಿದು?” ಅಂದೆ.

“ಕೈಗೆ ಬೇಜಾರಾಗ್ತೈತೆ ಕಣೇ” ಅಂದಳು.

ನಾನು ಮೊರವನ್ನು ಎತ್ತಿ ಹಿಂದೆ ಇಟ್ಟೆ. ಬೀಜ ಹಂಚಿದೆ. ಗುಳಿಗೆ ಐದು. ಅವಳ ಸಾಲು ಆ ಕಡೆ, ನನ್ನ ಸಾಲು ಈ ಕಡೆ. ಅಕ್ಕನಿಗೆ ಆಟ ಮರೆತೇ ಹೋಗಿತ್ತು. ನಾಲ್ಕು ಸುತ್ತು ಹೇಳಿಕೊಟ್ಟೆ. ಐದನೇ ಸುತ್ತಿನಲ್ಲಿ ಅವಳ ಕೈ ತಾನಾಗಿಯೇ ಓಡತೊಡಗಿತು. ನನ್ನ ದೊಡ್ಡ ಗುಳಿಯನ್ನು ಒಂದೇ ಏಟಿಗೆ ಬಾಚಿಕೊಂಡು ‘ಹೋತಲ್ಲೇ ಮಾರಾಯ್ತಿ!’ ಅಂತ ಕೂಗಿದಳು. ಆ ಕೂಗಿಗೆ ಮಲಗಿದ್ದ ನಾಲ್ವರೂ ಎದ್ದು ಕೂತರು. ಅವಳ ಮುಖದಲ್ಲಿ ನಾನು ಕಂಡೇ ಇರದ ಒಬ್ಬ ಚಿಕ್ಕ ಹುಡುಗಿ ಇದ್ದಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆವು, ಅವಳನ್ನು ನೋಡಿರಲಿಲ್ಲ.

ನಾನು ಸೋತೆ. ಇಪ್ಪತ್ತೈದು ವರ್ಷ ನನ್ನ ಬಲಗೈ ಸೋತರೂ ಎಡಗೈ ಸೋತರೂ ಗೆದ್ದವಳೂ ನಾನೇ ಆಗಿರುತ್ತಿದ್ದೆ. ಇನ್ನೊಬ್ಬರ ಕೈಯಿಂದ ಸೋಲುವುದು ಎಷ್ಟು ಚೆಂದ ಅನ್ನುವುದು ಮರೆತೇಹೋಗಿತ್ತು.

ಅಷ್ಟರಲ್ಲಿ ಯಾರದೋ ಮೇಕೆಗಳು ಬಂದು ಅಕ್ಕನ ಮೊರದ ಅಕ್ಕಿಯನ್ನು ಅರ್ಧ ಮುಗಿಸಿದ್ದವು. ಅಕ್ಕ ಮೇಕೆಗೂ ಬೈಯಲಿಲ್ಲ, ನನಗೂ ಬೈಯಲಿಲ್ಲ. “ಮುಂದಿನ ವಾರದಿಂದ ಮೊರ ತಂದೋರಿಗೆ ಆಟ ಇಲ್ಲ. ಭಾನುವಾರ ದುಪ್ಪಟ್ಟು ದುಡಿದೋರಿಗೂ ಇಲ್ಲ. ಉಳಿದ ಕೆಲಸ ಉಳೀಲಿ” ಅಂದಳು. ಅದೇ ನಮ್ಮ ಕಾನೂನಾಯಿತು. ಇವತ್ತಿಗೂ ಅದೇ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಸೀದ ಹಾಲಿನ ವಾಸನೆ. ಭಾವ ಚಹಾ ಮಾಡಿಕೊಳ್ಳಲು ಹೋಗಿ ಪಾತ್ರೆಯ ತಳ ಹಿಡಿಸಿದ್ದರು. ನಮ್ಮಿಬ್ಬರಿಗೂ ಎರಡು ಲೋಟ ಮುಚ್ಚಿಟ್ಟಿದ್ದರು. ಸಕ್ಕರೆ ಜಾಸ್ತಿ, ಪುಡಿ ಕಡಿಮೆ. ನಾವು ಕುಡಿದೆವು.

ಎಲ್ಲ ಮನೆಯವರೂ ಬರುತ್ತಾರೆ ಅಂತ ತಿಳಿಯಬೇಡಿ. ಆ ಟೀವಿ ಬೆಳ್ಳುಳ್ಳಿಯ ಸೊಸೆಯನ್ನು ಅವಳ ಅತ್ತೆ ಬಹಳ ದಿನ ಬಿಡಲಿಲ್ಲ. ಅಕ್ಕ ಒಂದು ಸೋಮವಾರ ಹೋಗಿ ಅತ್ತೆಯನ್ನೇ ಕರೆದುಕೊಂಡು ಬಂದಳು. ಈಗ ಅತ್ತೆ ಮೊದಲೇ ಬಂದು ಜಾಗ ಹಿಡಿದಿರುತ್ತಾಳೆ, ಸೊಸೆ ಹಿಂದಿನಿಂದ ಬರುತ್ತಾಳೆ. ಇನ್ನೂ ಮೂರು ನಾಲ್ಕು ಮನೆ ಉಳಿದಿವೆ. ಅಂಗಡಿಯವರ ಹೆಂಡತಿ ಆಡುವುದಿಲ್ಲ, ಬಂದು ಕಲ್ಲಿನ ಮೇಲೆ ಕಾಲು ಚಾಚಿ ಆಕಾಶ ನೋಡುತ್ತಾಳೆ. ಅವಳ ತಲೆಯಲ್ಲಿ ಎಣ್ಣೆ ಮಿಂಚುತ್ತಿರುತ್ತದೆ. ಯಾರು ಹಚ್ಚಿದ್ದು ಅಂತ ನಾವು ಕೇಳುವುದಿಲ್ಲ.

ಸೊರಬದವರು ಹೋದ ವರ್ಷ ಅಲ್ಲಿ ಹೆಂಗಸರ ದೊಡ್ಡ ಸಭೆ ಮಾಡಿ ನನ್ನನ್ನು ಕರೆಸಿದ್ದರು. ಬಸ್ಸಿನಲ್ಲಿ ಹೋದೆ, ಅಕ್ಕನೂ ಬಂದಳು. ಮೈಕಿನ ಮುಂದೆ ನಿಂತಾಗ ಕಲಿತದ್ದೆಲ್ಲ ಮರೆತುಹೋಯಿತು. ‘ನಾವು ಸೋಮವಾರ ಆಡುತ್ತೇವೆ. ನೀವೂ ಆಡಿ’ ಅಂದು ಇಳಿದುಬಂದೆ. ಅಕ್ಕ ‘ಇಷ್ಟಕ್ಕೆ ಹೊಸ ಸೀರೆ ಉಟ್ಟೆಯಾ’ ಅಂತ ಬಸ್ಸಿನ ತುಂಬ ಕೇಳುವ ಹಾಗೆ ಕೇಳಿದಳು. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ಮಕ್ಕಳೇ, ಸೋಮವಾರ ನಾನು ಫೋನ್ ಎತ್ತದಿದ್ದರೆ ಗಾಬರಿಯಾಗಬೇಡಿ. ದೀಪ ಹಚ್ಚಿದ ಮೇಲೆ ಮಾಡಿ, ಗೆದ್ದೆನೋ ಸೋತೆನೋ ಹೇಳುತ್ತೇನೆ. ಈ ಹಾಳೆಗಳ ಜೊತೆ ಒಂದು ಬಟ್ಟೆಯ ಗಂಟು ಕಳಿಸುತ್ತಿದ್ದೇನೆ. ಅದು ನಾನು ಒಬ್ಬಳೇ ಆಡುತ್ತಿದ್ದಾಗಿನ ಹುಣಸೆಬೀಜ, ತಿಕ್ಕಿ ತಿಕ್ಕಿ ಕನ್ನಡಿಯ ಹಾಗಾಗಿವೆ. ಚಿನ್ನು, ಇವನ್ನು ನೆಟ್ಟು ನೋಡಬೇಡ, ಹುಟ್ಟುವುದಿಲ್ಲ. ಹಾಳೆಯಲ್ಲಿ ದೋಣಿಯನ್ನೂ ಮಾಡಬೇಡ. ಒಂದು ಸಲ ನಿಮ್ಮಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವಳ ಕೈಯಲ್ಲಿ ಬೆಳ್ಳುಳ್ಳಿ ಇದ್ದರೆ ಮೊದಲು ಕೆಳಗಿಡಿಸಿ. ಓದಿಯಾದ ಮೇಲೆ ಬೀಜದ ಗಂಟನ್ನೂ ಹಾಳೆಗಳನ್ನೂ ಒಟ್ಟಿಗೆ, ಇಲಿ ಮುಟ್ಟದ ತಗಡಿನ ಪೆಟ್ಟಿಗೆಯಲ್ಲಿ, ಜೋಪಾನವಾಗಿ ಇಡಿ.